ದಾವಣಗೆರೆ: ಹಿರಿಯರ ಬಾಯಿಯ ಫಂಗಸ್ ತಡೆಯಲು ಸಹಾಯ ಬೇಕು

ನಿಟುವಳ್ಳಿ, ವಿನೋಬನಗರ ಕಡೆ ಮನೆಯಲ್ಲೇ ಇರುವ ಹಿರಿಯರಿಗೆ ಹಲ್ಲುಸೆಟ್ಟು, ಇನ್‌ಹೇಲರ್ ಸರಿಯಾಗಿ ಬಳಸುವುದನ್ನು ತೋರಿಸಲು ವಾರಕ್ಕೆ 2 ಗಂಟೆ ಕೊಡಬಲ್ಲವರು ಬೇಕು. ಸೆಟ್ಟು ಇಡಲು ಮುಚ್ಚಳದ ಡಬ್ಬಿ, ಮೆತ್ತನೆ ಬ್ರಷ್, ಸ್ಪೇಸರ್ (ಇನ್‌ಹೇಲರ್‌ಗೆ ಜೋಡಿಸುವ ಕೊಳವೆ) ಕೊಟ್ಟರೂ ಉಪಕಾರ. ಬಳಸಿದ ಸ್ಪೇಸರ್ ದಯವಿಟ್ಟು ಬೇಡ.

ನಾಲಿಗೆ, ಕೆನ್ನೆಯೊಳಗೆ ಮೊಸರು ಮೆತ್ತಿದಂತೆ ಬಿಳಿ ಪೊರೆ ಕಂಡರೆ ‘ಉಷ್ಣ ಆಗಿದೆ’ ಅಂತ ಸುಮ್ಮನಾಗುವವರೇ ಹೆಚ್ಚು. ಅದು ಕ್ಯಾಂಡಿಡಾ ಇರಬಹುದು. ಆರೋಗ್ಯವಂತರ ಬಾಯಲ್ಲೂ ಈ ಫಂಗಸ್ ಇರುತ್ತದೆ. ಜೊಲ್ಲು, ಬಾಯಿಯ ಬ್ಯಾಕ್ಟೀರಿಯಾ, ರೋಗನಿರೋಧಕ ಶಕ್ತಿ ಅದನ್ನು ಹತೋಟಿಯಲ್ಲಿಡುತ್ತವೆ. ಆಂಟಿಬಯೋಟಿಕ್, ಏರಿದ ಶುಗರ್, ಒಣಬಾಯಿ, ಕೀಮೋ, ಎಚ್‌ಐವಿ ಆ ಕಾವಲನ್ನು ಸಡಿಲಿಸುತ್ತವೆ.

ಹಲ್ಲುಸೆಟ್ಟಿನ ಅಡಿಯಲ್ಲಿ ಕಥೆ ಬೇರೆ. ಅಲ್ಲಿ ಬಿಳಿ ಪೊರೆ ಕಾಣದೆ ಅಂಗುಳ ಬರೀ ಕೆಂಪಗಿರಬಹುದು, ಎಷ್ಟೋ ಸಲ ನೋವೂ ಇರುವುದಿಲ್ಲ. ಹಾಗಾಗಿ ಸೆಟ್ಟು ತೆಗೆಸಿ, ಟಾರ್ಚ್ ಹಾಕಿ ನೋಡಲೇಬೇಕು. ರಾತ್ರಿ ತೆಗೆದು, ಸೋಪುನೀರಲ್ಲಿ ಒಳಮೈ ಉಜ್ಜಿ, ತಣ್ಣೀರಲ್ಲಿ ಮುಳುಗಿಸಿಡಬೇಕು. ಕುದಿನೀರು ಹಾಕಿದರೆ ಸೊಟ್ಟಗಾಗುತ್ತದೆ. ಸೆಟ್ಟಿಗೆ ಹತ್ತಿದ ಫಂಗಸ್ ಹೋಗದಿದ್ದರೆ ಬಾಯಿಗೆ ಹಚ್ಚಿದ ಔಷಧ ಎಷ್ಟು ದಿನ ಉಳಿದೀತು?

ಬಾಯಲ್ಲಿ ಉಳಿದ ಸ್ಟಿರಾಯ್ಡ್‌ನಿಂದಲೂ ಈ ಫಂಗಸ್ ಹೆಚ್ಚಬಹುದು; ಹಾಗಾಗಿ ಸ್ಟಿರಾಯ್ಡ್ ಇನ್‌ಹೇಲರ್ ಎಳೆದ ಕೂಡಲೇ ಬಾಯಿ, ಗಂಟಲು ಮುಕ್ಕಳಿಸಿ ಉಗುಳಬೇಕು. ಸ್ಪೇಸರ್ ಇದ್ದರೆ ಬಾಯಲ್ಲಿ ಉಳಿಯುವ ಔಷಧ ಕಡಿಮೆ. ಹೆದರಿ ಇನ್‌ಹೇಲರ್ ನಿಲ್ಲಿಸುವುದು ಮಾತ್ರ ಬೇಡವೇ ಬೇಡ.

ನುಂಗುವಾಗ ನೋವಿದ್ದರೆ ಸೋಂಕು ಅನ್ನನಾಳಕ್ಕೆ ಇಳಿದಿರಬಹುದು. ಅಂಥವರನ್ನು ಆಸ್ಪತ್ರೆಗೆ ಕರೆದೊಯ್ಯಲು ಆಟೋ ಇರುವವರೂ ಬೇಕು. ಬಿಡುವಿರುವ ದಿನ, ಹೊತ್ತು ಕೆಳಗೆ ಬರೆಯಿರಿ.