ಬಳಸುವ ಸಾಫ್ಟ್‌ವೇರ್‌ಗಳ ಹೊಸ ರಿಲೀಸ್, ರಿಲೀಸ್ ನೋಟ್ಸ್ ತಾನಾಗಿಯೇ ತಿಳಿಯುವಂತೆ ಮಾಡುವುದು ಹೇಗೆ?

ಸರ್ವರ್‌ಗುಬ್ಬಿ (ಪ್ರಶ್ನೆ)

ಸುಮಾರು ನಲವತ್ತು ಸಾಫ್ಟ್‌ವೇರ್‌ಗಳ ಮೇಲೆ ಕಣ್ಣಿಡಬೇಕಿದೆ. ಪೋಸ್ಟ್‌ಗ್ರೆಸ್, ನೋಡ್, ಗ್ರಫಾನಾ, ಒಂದಷ್ಟು ಪೈಥಾನ್ ಲೈಬ್ರರಿ, ಡಾಕರ್ ಇಮೇಜ್‌ಗಳು. ಇವುಗಳ ಜೊತೆಗೆ ರಿಲೀಸ್ ನೋಟ್ಸನ್ನು ಬರೀ ವೆಬ್ ಪುಟದಲ್ಲಿ ಹಾಕಿ ಕೈತೊಳೆದುಕೊಳ್ಳುವ ಮೂರು ಕಮರ್ಷಿಯಲ್ ಪ್ರಾಡಕ್ಟ್‌ಗಳೂ ಇವೆ.

ಈಗಿರುವುದು ಗಂಟೆಗೊಮ್ಮೆ ಕ್ರಾನ್‌ನಲ್ಲಿ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ವ್ಯವಸ್ಥೆ) ಓಡುವ ಸ್ಕ್ರಿಪ್ಟ್. ರಿಲೀಸ್‌ಗೆ ಒಂದು, ಟ್ಯಾಗ್‌ಗೆ ಒಂದು ಎಂದು ಪ್ರತಿ ರಿಪೋಗೂ ಗಿಟ್‌ಹಬ್ ಎಪಿಐಗೆ ಎರಡು ಕರೆ ಹೋಗುತ್ತದೆ. ಟೋಕನ್ (ಗುರುತಿನ ಕೀಲಿ) ಹಾಕಿಲ್ಲ. ಅರ್ಧ ದಾರಿಯಲ್ಲಿ 403 (ನಿರಾಕರಣೆ) ಬರುತ್ತದೆ. ಆರ್‌ಸಿ, ಬೀಟಾದಂಥ ಪರೀಕ್ಷಾ ಆವೃತ್ತಿಗಳೆಲ್ಲವೂ ಹೊಸ ಆವೃತ್ತಿ ಎಂದು ಚಾಟ್‌ಗೆ ಬಂದು ಬೀಳುತ್ತವೆ. ಹಳೆ ಬ್ರ್ಯಾಂಚ್‌ಗೆ ಪ್ಯಾಚ್ ಬಂದರೆ ಅದೇ ಇತ್ತೀಚಿನದು ಎನ್ನುತ್ತದೆ. ಚಾಟ್ ಚಾನೆಲ್ಲನ್ನು ಎಲ್ಲರೂ ಮ್ಯೂಟ್ ಮಾಡಿಟ್ಟಿದ್ದಾರೆ.

ನಮಗೆ ಸಂಬಂಧಪಟ್ಟದ್ದು ಮಾತ್ರ, ಏನು ಬದಲಾಯಿತು ಎಂಬ ಎರಡು ಸಾಲಿನ ಜೊತೆ ಬರಬೇಕು. ಹೇಗೆ ಕಟ್ಟುವುದು?

ಟ್ಯಾಗ್‌ಜೋಳಿಗೆ

403ರ ಕಾರಣ ನಿಮ್ಮ ಲೆಕ್ಕದಲ್ಲೇ ಇದೆ. ಟೋಕನ್ ಇಲ್ಲದ ಕರೆಗಳಿಗೆ ಗಿಟ್‌ಹಬ್ ಕೊಡುವುದು ಒಂದು ಐಪಿಗೆ ಗಂಟೆಗೆ 60. ನಿಮ್ಮದು 80. ಅದೇ ಐಪಿಯಿಂದ ಬೇರೆಯವರೂ ಹೊರಹೋಗುತ್ತಿದ್ದರೆ ಇನ್ನೂ ಬೇಗ ಮುಗಿಯುತ್ತದೆ. ಟೋಕನ್ ಹಾಕಿದರೆ ಗಂಟೆಗೆ 5000. ಜೊತೆಗೆ ಹಿಂದಿನ ಉತ್ತರದಲ್ಲಿ ಬಂದ ಇ-ಟ್ಯಾಗ್ (ಆ ಉತ್ತರದ ಗುರುತು) ಉಳಿಸಿಕೊಂಡು ಮುಂದಿನ ಸಲ ಇಫ್-ನನ್-ಮ್ಯಾಚ್ ಹೆಡರ್‌ನಲ್ಲಿ ಕಳಿಸಿ. ಏನೂ ಬದಲಾಗದಿದ್ದರೆ 304 ಬರುತ್ತದೆ, ಟೋಕನ್ ಜೊತೆಗಿದ್ದರೆ ಅದು ಕೋಟಾಕ್ಕೆ ಲೆಕ್ಕವಿಲ್ಲ. ಗಂಟೆಗೊಮ್ಮೆ ನೋಡುವ ಅಗತ್ಯವೂ ಇಲ್ಲ, ಆರು ಗಂಟೆಗೊಮ್ಮೆ ಸಾಕು.

ಎಪಿಐಯೇ ಬೇಡವೆಂದರೆ ಪ್ರತಿ ರಿಪೋಗೂ ಆಟಮ್ ಫೀಡ್ (ಹೊಸ ನಮೂದುಗಳ ಪಟ್ಟಿ) ಇದೆ: ವಿಳಾಸದ ಕೊನೆಗೆ ಸ್ಲ್ಯಾಶ್ ಹಾಕಿ 'ರಿಲೀಸಸ್ ಡಾಟ್ ಆಟಮ್' ಎಂದು ಬರೆಯಿರಿ. ಇದರಲ್ಲಿ ಎರಡು ತೊಡಕು. ಸಿಗುವುದು ಕೊನೆಯ 10 ನಮೂದು ಮಾತ್ರ, ಒಂದೇ ದಿನ ನಾಲ್ಕಾರು ಬ್ರ್ಯಾಂಚ್‌ಗೆ ರಿಲೀಸ್ ಸುರಿಯುವ ಪ್ರಾಜೆಕ್ಟ್‌ಗಳಲ್ಲಿ ಕೆಲವು ಜಾರಿಹೋಗಬಹುದು. ಪ್ರೀ-ರಿಲೀಸ್ ಎಂಬ ಗುರುತೂ ಫೀಡ್‌ನಲ್ಲಿ ಬರುವುದಿಲ್ಲ, ಹೆಸರು ನೋಡಿ ಸೋಸಬೇಕು.

ಆದರೆ ಮೂಲವನ್ನು ಆರಿಸುವ ಮೊದಲು ನಿಮ್ಮಲ್ಲಿ ಏನು ಓಡುತ್ತಿದೆ ಎಂಬ ಪಟ್ಟಿ ಬೇಕು. ಅದಿಲ್ಲದೆ 'ಹೊಸದು' ಎಂಬ ಮಾತಿಗೆ ಅರ್ಥವಿಲ್ಲ. ಯಾವುದಕ್ಕಿಂತ ಹೊಸದು? ಪ್ರತಿ ಸಾಫ್ಟ್‌ವೇರ್‌ಗೂ ಹೆಸರು, ಈಗ ಓಡುತ್ತಿರುವ ಆವೃತ್ತಿ, ನಾವಿರುವ ಮೇಜರ್ ಸಾಲು (ಆವೃತ್ತಿಯ ಮೊದಲ ಸಂಖ್ಯೆ), ಮೂಲದ ವಿಳಾಸ, ಹೊಣೆ ಯಾರದು ಎಂಬ ಐದು ಕಾಲಮ್ ಸಾಕು. ಆವೃತ್ತಿಯ ಕಾಲಮ್ಮನ್ನು ಕೈಯಲ್ಲಿ ತುಂಬಬೇಡಿ. ಸರ್ವರ್‌ನಿಂದಲೇ ಅಥವಾ ಡಿಪ್ಲಾಯ್ ಫೈಲ್‌ನಿಂದಲೇ ಎತ್ತಿಕೊಳ್ಳಿ, ಕೈಯಲ್ಲಿ ತುಂಬಿದ್ದು ಒಂದು ತಿಂಗಳಲ್ಲಿ ಸುಳ್ಳಾಗುತ್ತದೆ.

ಹೋಲಿಸುವ ಕೆಲಸಕ್ಕೆ ಎನ್‌ವಿಚೆಕರ್ ಎಂಬ ಸಾಧನ ಬಳಸಿ. ಅದರ ಟಾಮ್ಲ್ ಸೆಟ್ಟಿಂಗ್ ಫೈಲ್‌ನಲ್ಲಿ ಒಂದೊಂದು ಸಾಫ್ಟ್‌ವೇರ್‌ಗೆ ಒಂದೊಂದು ವಿಭಾಗ. ಗಿಟ್‌ಹಬ್, ಪೈಪಿಐ (ಪೈಥಾನ್ ಲೈಬ್ರರಿಗಳ ಭಂಡಾರ), ಕಂಟೇನರ್ ರಿಜಿಸ್ಟ್ರಿ, ಯಾವುದೇ ಪುಟದ ಮೇಲೆ ರೆಜೆಕ್ಸ್ (ಪಠ್ಯ ಹುಡುಕುವ ಮಾದರಿ), ಎಲ್ಲಕ್ಕೂ ಸೋರ್ಸ್ ಇದೆ. ಹಳೆಯ ಆವೃತ್ತಿಗಳ ಫೈಲ್ ಒಂದು, ಹೊಸವುಗಳ ಫೈಲ್ ಒಂದು. ಎನ್‌ವಿಸಿಎಂಪಿ ಆಜ್ಞೆ ಎರಡರ ನಡುವಿನ ವ್ಯತ್ಯಾಸ ತೋರಿಸುತ್ತದೆ. ಹಳೆಯದರ ಫೈಲನ್ನು ಮೇಲಿನ ಪಟ್ಟಿಯಿಂದಲೇ ತಯಾರಿಸಿ. ಆಗ ಅಪ್‌ಗ್ರೇಡ್ ಮಾಡಿದ ಕೂಡಲೇ ಎಚ್ಚರಿಕೆ ತಾನಾಗಿಯೇ ನಿಲ್ಲುತ್ತದೆ, ಮಾಡದಿದ್ದರೆ ಉಳಿದಿರುತ್ತದೆ.

ಬಹಳ ಜನ ಎಡವುವ ಜಾಗ ಒಂದಿದೆ. ಎನ್‌ವಿಚೆಕರ್‌ನ ಇನ್‌ಕ್ಲೂಡ್, ಎಕ್ಸ್‌ಕ್ಲೂಡ್ ರೆಜೆಕ್ಸ್‌ಗಳು ಟ್ಯಾಗ್‌ನ ಪೂರ್ತಿ ಹೆಸರಿಗೆ ಹೊಂದಬೇಕು. ಬರೀ 'ಬೀಟಾ' ಎಂದು ಬರೆದರೆ ಏನೂ ಸೋಸುವುದಿಲ್ಲ, ಎರಡೂ ಬದಿಗೆ ಡಾಟ್-ಸ್ಟಾರ್ ಬೇಕು.

ಕ್ರಾನ್‌ಕೋಳಿ

ಲೈಬ್ರರಿ ಮತ್ತು ಇಮೇಜ್‌ಗಳಿಗೆ ಎನ್‌ವಿಚೆಕರ್ ಬೇಕಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಆವೃತ್ತಿ ಸಂಖ್ಯೆ ಗಿಟ್‌ನೊಳಗಿನ ಫೈಲ್‌ನಲ್ಲಿ ಬರೆದಿದ್ದರೆ ರೆನೊವೇಟ್ ಎಂಬ ಅಪ್‌ಡೇಟ್ ಬಾಟ್ ಹಾಕಿ ಬಿಡಿ. ಹೋಲಿಕೆ, ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸುವ ಕೋರಿಕೆ), ಮಧ್ಯದ ಎಲ್ಲ ಆವೃತ್ತಿಗಳ ನೋಟ್ಸ್ ಒಂದೇ ಕಡೆ ಸಿಗುತ್ತವೆ. ಅದಕ್ಕೆ ಗೊತ್ತಿಲ್ಲದ ಫೈಲ್‌ಗಳಿಗೆ ಕಸ್ಟಮ್ ಮ್ಯಾನೇಜರ್‌ನಲ್ಲಿ ರೆಜೆಕ್ಸ್ ಕೊಡಬಹುದು. ಗಿಟ್‌ಹಬ್‌ನ ಇಂಥದ್ದೇ ಬಾಟ್ ಡಿಪೆಂಡಬಾಟ್ ಬಳಸುವುದಾದರೆ ಒಂದು ಮಾತು: ಆವೃತ್ತಿ ಅಪ್‌ಡೇಟ್‌ಗಳಿಗೆ ಡಿಫಾಲ್ಟ್ ಆಗಿ ಏಕಕಾಲಕ್ಕೆ 5 ಪುಲ್ ರಿಕ್ವೆಸ್ಟ್ ಮಾತ್ರ ತೆರೆದಿಡುತ್ತದೆ. ಆ ಐದನ್ನು ಯಾರೂ ಮುಟ್ಟದಿದ್ದರೆ ಆರನೆಯದು ಬರುವುದೇ ಇಲ್ಲ, ಎಲ್ಲ ಸರಿಯಿದೆ ಎಂದು ನೀವು ಅಂದುಕೊಂಡಿರುತ್ತೀರಿ.

ಇಮೇಜ್‌ಗಳಲ್ಲಿ ಟ್ಯಾಗ್ ಮಾತ್ರ ನೋಡಿದರೆ ಸಾಲದು. ಆವೃತ್ತಿ ಅದೇ ಇದ್ದು ಬೇಸ್ ಇಮೇಜ್‌ನ ಭದ್ರತಾ ತಿದ್ದುಪಡಿಗಾಗಿ ಮರುಬಿಲ್ಡ್ ಆದರೆ ಬದಲಾಗುವುದು ಡೈಜೆಸ್ಟ್ (ಇಮೇಜ್‌ನ ಒಳಗಿನದರಿಂದ ಲೆಕ್ಕಹಾಕಿದ ಗುರುತು) ಮಾತ್ರ. ಡಿಯುನ್ ಎಂಬ ಸಾಧನ ಇದನ್ನು ಹಿಡಿಯುತ್ತದೆ.

ಇನ್ನು ಆ ಮೂರು ವೆಬ್ ಪುಟಗಳು. ಮೊದಲು ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ಟ್ಯಾಬ್ ತೆರೆದು ಪುಟ ರೀಲೋಡ್ ಮಾಡಿ. ಎಷ್ಟೋ ಪುಟಗಳು ಹಿಂದಿನಿಂದ ಒಂದು ಜೇಸನ್ (ಸ್ಕ್ರಿಪ್ಟ್ ಸುಲಭವಾಗಿ ಓದಬಲ್ಲ ಡೇಟಾ) ತರಿಸಿಕೊಂಡು ಅದನ್ನೇ ತೋರಿಸುತ್ತಿರುತ್ತವೆ. ಸಿಕ್ಕರೆ ಅದನ್ನೇ ಓದಿ. ಇಲ್ಲದಿದ್ದರೆ ಪುಟದ ಬದಲಾವಣೆ ಕಾಯುವ ಚೇಂಜ್‌ಡಿಟೆಕ್ಷನ್ ಸಾಧನ ಹಾಕಿ, ಸಿಎಸ್‌ಎಸ್ ಸೆಲೆಕ್ಟರ್‌ನಿಂದ ಆವೃತ್ತಿಯ ತಲೆಬರಹಗಳನ್ನಷ್ಟೇ ಆರಿಸಿ. ಇಡೀ ಪುಟಕ್ಕೆ ಕಾವಲಿಟ್ಟರೆ ಕುಕೀ ಬ್ಯಾನರ್, ಫುಟರ್‌ನ ಇಸವಿ, ಪಕ್ಕದ ಜಾಹೀರಾತು ಬದಲಾದಾಗಲೆಲ್ಲ ಗಂಟೆ ಬಾರಿಸುತ್ತದೆ. ಜಾವಾಸ್ಕ್ರಿಪ್ಟ್‌ನಿಂದ ಮೂಡುವ ಪುಟವಾದರೆ ಪ್ಲೇರೈಟ್ ಬ್ರೌಸರ್ ಜೋಡಿಸಬೇಕು.

ಕೆಟ್ಟುಹೋದಾಗಲೂ ಮೌನ, ಹೊಸದಿಲ್ಲದಾಗಲೂ ಮೌನ ಎಂಬಂತೆ ಬಿಡಬೇಡಿ. ಪುಟದ ವಿನ್ಯಾಸ ಬದಲಾಗಿ ಸೆಲೆಕ್ಟರ್‌ಗೆ ಏನೂ ಸಿಗದಿದ್ದರೆ ಅದನ್ನು 'ಬದಲಾವಣೆ ಇಲ್ಲ' ಎಂದಲ್ಲ, 'ದೋಷ' ಎಂದು ಪರಿಗಣಿಸಿ. ಪ್ರತಿ ಸಲ ಕನಿಷ್ಠ ಒಂದು ಆವೃತ್ತಿ ಸಂಖ್ಯೆಯಾದರೂ ಸಿಗಲೇಬೇಕು.

ಸರ್ವರ್‌ಗುಬ್ಬಿ

ಹೊರಗಿನ ಪುಟಗಳ ವಿಷಯ ತಿಳಿಯಿತು. ಆದರೆ ಹಳೆ ಬ್ರ್ಯಾಂಚ್‌ನ ಪ್ಯಾಚ್ 'ಲೇಟೆಸ್ಟ್' ಆಗಿ ಬರುವುದನ್ನು ತಡೆಯುವುದು ಹೇಗೆ? ಪೋಸ್ಟ್‌ಗ್ರೆಸ್‌ನಲ್ಲಂತೂ ಒಂದೇ ದಿನ ಐದು ಮೇಜರ್ ಸಾಲಿಗೂ ಬರುತ್ತದೆ. ಎರಡು ಸಾಲಿನ ಸಾರಾಂಶದ ಬಗ್ಗೆಯೂ ಯಾರೂ ಹೇಳಲಿಲ್ಲ.

ಡಿಫ್‌ಪುರಾಣ

ಗಿಟ್‌ಹಬ್‌ನ 'ಲೇಟೆಸ್ಟ್' ಕರೆ ಡ್ರಾಫ್ಟ್ ಮತ್ತು ಪ್ರೀ-ರಿಲೀಸ್ ಬಿಡುತ್ತದೆ, ಆದರೆ ದೊಡ್ಡ ಸಂಖ್ಯೆ ಯಾವುದು ಎಂದು ನೋಡುವುದಿಲ್ಲ. ಮೇಂಟೇನರ್ ಬೇರೆ ಗುರುತು ಹಾಕದಿದ್ದರೆ ಅದು ನೋಡುವುದು ತಾರೀಕನ್ನು, ಅದೂ ರಿಲೀಸ್ ಪ್ರಕಟವಾದ ದಿನವಲ್ಲ, ಅದು ನಿಂತಿರುವ ಕಮಿಟ್‌ನ ದಿನ. ಬರೀ ಟ್ಯಾಗ್ ಹಾಕುವ ರಿಪೋಗಳಲ್ಲಿ ಅದೇ ಕರೆ 404 (ಸಿಗಲಿಲ್ಲ) ಕೊಡುತ್ತದೆ. ಹಾಗಾಗಿ ಪೂರ್ತಿ ಪಟ್ಟಿ ತರಿಸಿ, ನಿಮ್ಮ ಮೇಜರ್ ಸಾಲಿಗೆ ಸೋಸಿ, ನೀವೇ ವಿಂಗಡಿಸಿ. ಟ್ಯಾಗ್ ಮಾತ್ರ ಸಾಕಾದರೆ ಗಿಟ್ ಎಲ್‌ಎಸ್-ರಿಮೋಟ್ ಆಜ್ಞೆಗೆ ಟ್ಯಾಗ್ಸ್, ರೆಫ್ಸ್ ಎರಡೂ ಆಯ್ಕೆ ಕೊಡಿ. ರೆಫ್ಸ್ ಬಿಟ್ಟರೆ ಆನೋಟೇಟೆಡ್ (ವಿವರಣೆ ಸಹಿತ) ಟ್ಯಾಗ್‌ಗಳು ಎರಡೆರಡು ಸಲ ಬರುತ್ತವೆ.

ವಿಂಗಡಣೆಯಲ್ಲಿ 1.10 ಎಂಬುದು 1.9ಕ್ಕಿಂತ ಹಿಂದೆ ಬೀಳುವುದು ಎಲ್ಲರಿಗೂ ಗೊತ್ತಿರುವ ಕಥೆ, ಅದಕ್ಕೆ ಸಾರ್ಟ್ ಆಜ್ಞೆಯ ದೊಡ್ಡ ವಿ ಆಯ್ಕೆ ಇದೆ. ಅದರಲ್ಲೂ ಒಂದು ಗುಂಡಿ: 2.0.0-ಆರ್‌ಸಿ1 ಎಂಬುದನ್ನು ಅದು 2.0.0ರ ನಂತರ ಇಡುತ್ತದೆ, ಅಂದರೆ ಆರ್‌ಸಿಯೇ ಹೊಸದು! ಹೈಫನ್ ಇರುವ ಜಾಗಕ್ಕೆ ಟಿಲ್ಡೆ ಹಾಕಿ ವಿಂಗಡಿಸಿದರೆ ಸರಿಯಾಗುತ್ತದೆ. ಪೈಥಾನ್‌ನಲ್ಲಿ ಬರೆಯುತ್ತಿದ್ದರೆ ಪೈಪಿಐ ಹೆಸರುಗಳಿಗೆ ಪ್ಯಾಕೇಜಿಂಗ್ ಲೈಬ್ರರಿ ಬಳಸಿ. ಪೈಪಿಐ ಜೇಸನ್‌ನಲ್ಲಿ ಯಾಂಕ್ಡ್ ಎಂದು ಗುರುತಾದವನ್ನು ಬಿಟ್ಟುಬಿಡಿ, ಅವು ಹಿಂತೆಗೆದುಕೊಂಡವು.

ಪೋಸ್ಟ್‌ಗ್ರೆಸ್‌ಗೆ ಗಿಟ್ ಬೇಡ. ಅವರ ಸೈಟ್‌ನಲ್ಲೇ ವರ್ಷನ್ಸ್ ಡಾಟ್ ಜೇಸನ್ ಇದೆ, ಪ್ರತಿ ಮೇಜರ್‌ಗೂ ಕೊನೆಯ ಮೈನರ್, ಬೆಂಬಲ ಮುಗಿಯುವ ದಿನ ಎರಡೂ ಅದರಲ್ಲಿವೆ. ನೋಡ್‌ನ ಡಿಸ್ಟ್ ಫೋಲ್ಡರ್‌ನ ಇಂಡೆಕ್ಸ್ ಡಾಟ್ ಜೇಸನ್‌ನಲ್ಲಿ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲ) ಜೊತೆಗೆ ಸೆಕ್ಯುರಿಟಿ ಎಂಬ ಹೌದು-ಇಲ್ಲದ ಫೀಲ್ಡ್ ಕೂಡ ಉಂಟು. ಅದು 'ಹೌದು' ಎಂದರೆ ನೇರ ಹೊಣೆಗಾರರಿಗೆ, ಉಳಿದದ್ದು ವಾರದ ಪಟ್ಟಿಗೆ ಎಂದು ಕವಲೊಡೆಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು.

ಸಾರಾಂಶದ ವಿಷಯ. 2.3ರಿಂದ 2.7ಕ್ಕೆ ಹಾರುವಾಗ 2.7ರ ನೋಟ್ಸ್ ಮಾತ್ರ ತೋರಿಸುವ ಸ್ಕ್ರಿಪ್ಟ್ ನಿಷ್ಪ್ರಯೋಜಕ, ಒಡೆಯುವ ಬದಲಾವಣೆ 2.4ರಲ್ಲಿ ಕೂತಿರುತ್ತದೆ. ಮಧ್ಯದ ಎಲ್ಲವನ್ನೂ ತರಿಸಿ ಜೋಡಿಸಿ. ನಂತರ ಸಾಲುಗಳನ್ನು ಹುಡುಕಿ: 'ಬ್ರೇಕಿಂಗ್', 'ರಿಮೂವ್ಡ್', 'ಡೆಪ್ರಿಕೇಟೆಡ್', 'ಸಿವಿಇ' (ಭದ್ರತಾ ದೋಷದ ಗುರುತುಸಂಖ್ಯೆ) ಎಲ್ಲರೂ ಹಾಕುತ್ತಾರೆ. ಹೆಚ್ಚು ಹಿಡಿಯುವುದು 'ನೋ ಲಾಂಗರ್', 'ನೌ ರಿಕ್ವೈರ್ಸ್', 'ಡಿಫಾಲ್ಟ್'. ಮೇಂಟೇನರ್‌ಗಳು ತಮಗೆ ಸಣ್ಣದೆನಿಸಿದ ಬದಲಾವಣೆಯನ್ನು ಹೀಗೆಯೇ ಬರೆಯುವುದು, ಬ್ರೇಕಿಂಗ್ ಎಂಬ ತಲೆಬರಹದ ಕೆಳಗಲ್ಲ. ಸಿಕ್ಕ ಸಾಲನ್ನು ಇದ್ದ ಹಾಗೇ ಸಂದೇಶಕ್ಕೆ ಹಾಕಿ. ಭಾಷಾ ಮಾಡೆಲ್‌ನಿಂದ ಸಾರಾಂಶ ಮಾಡಿಸುವುದಾದರೂ ಮೂಲ ಸಾಲು ಮತ್ತು ಕೊಂಡಿ ಜೊತೆಗಿರಲಿ, ನೋಟ್ಸ್‌ನಲ್ಲಿ ಇಲ್ಲದ್ದನ್ನು ಸೇರಿಸುವ ಚಾಳಿ ಅವಕ್ಕಿದೆ. ನೋಟ್ಸ್‌ನಲ್ಲಿ ಬರೀ 'ಬಗ್ ಫಿಕ್ಸ್' ಎಂದಿದ್ದರೆ ಎರಡು ಟ್ಯಾಗ್‌ಗಳ ನಡುವಿನ ಕಂಪೇರ್ ಕೊಂಡಿ ಕೊಟ್ಟುಬಿಡಿ.

ಟ್ಯಾಗ್ ಬಿದ್ದ ಕ್ಷಣ ನೋಟ್ಸ್ ಇರದಿರಬಹುದು, ಇದ್ದದ್ದೂ ಆಮೇಲೆ ತಿದ್ದಲ್ಪಡುತ್ತದೆ. ನೋಟ್ಸ್‌ನ ಹ್ಯಾಶ್ (ಪಠ್ಯ ಬದಲಾದರೆ ತಾನೂ ಬದಲಾಗುವ ಗುರುತು) ಇಟ್ಟುಕೊಂಡು ಮೊದಲ ವಾರ ಮತ್ತೆ ಮತ್ತೆ ಹೋಲಿಸಿ. ಸಂದೇಶ ಎರಡು ಸಲ ಹೋಗದಂತೆ ಗುರುತಿಗೆ ಸಾಫ್ಟ್‌ವೇರ್ ಹೆಸರು ಮತ್ತು ಆವೃತ್ತಿಯನ್ನು ಬಳಸಿ, ಫೀಡ್‌ನ ತಲೆಬರಹವನ್ನಲ್ಲ. 'ಕಳಿಸಿದ್ದೇನೆ' ಎಂದು ಬರೆದುಕೊಳ್ಳುವುದು ಕಳಿಸಿ ಮುಗಿದ ಮೇಲೆ ಮಾತ್ರ.

ಕ್ರಾನ್‌ಕೋಳಿ

ಮೇಲಿನದಕ್ಕೆ ಒಂದು ಸೇರ್ಪಡೆ. ಹೊಸದು ಬಂದ ತಕ್ಷಣ ಹಾಕದೆ ಮೂರ್ನಾಲ್ಕು ದಿನ ಕಾಯುವಂತೆ ರೆನೊವೇಟ್‌ನಲ್ಲಿ ಮಿನಿಮಮ್‌ರಿಲೀಸ್‌ಏಜ್ ಇಡಿ. ಬಂದ ದಿನವೇ ಹಿಂತೆಗೆದುಕೊಳ್ಳುವ ರಿಲೀಸ್‌ಗಳಿಂದ ಇದು ಕಾಪಾಡುತ್ತದೆ. ಅದಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ: ಹಿಂಬಾಗಿಲು ಇದ್ದ ಎಕ್ಸ್‌ಝಡ್ (ಫೈಲ್ ಕುಗ್ಗಿಸುವ ಸಾಫ್ಟ್‌ವೇರ್) 5.6.0 ಬಂದದ್ದು 2024ರ ಫೆಬ್ರವರಿಯಲ್ಲಿ, ಬಯಲಾದದ್ದು ಮಾರ್ಚ್ ಕೊನೆಗೆ. ಸಿವಿಇ ಇರುವ ಅಪ್‌ಡೇಟ್‌ಗಳಿಗೆ ಈ ಕಾಯುವಿಕೆ ತಗಲದಂತೆ ಬೇರೆ ನಿಯಮ ಬರೆಯಿರಿ.

ಬೆಂಬಲ ಮುಗಿಯುವ ದಿನಗಳಿಗೆ ಎಂಡ್‌ಆಫ್‌ಲೈಫ್ ಡಾಟ್ ಡೇಟ್ ಸೈಟ್‌ನ ಎಪಿಐ ಸಾಕು. 90 ದಿನ ಮುಂಚೆ ಚಾಟ್ ಸಂದೇಶ ಬೇಡ, ಟಿಕೆಟ್ ತೆರೆಯುವಂತೆ ಮಾಡಿ. ಮೇಜರ್ ಬದಲಾವಣೆಗೆ ಅಷ್ಟು ಕಾಲ ಬೇಕೇ ಬೇಕು.