ಅಮೆರಿಕದ ಹೆಂಪ್ ಗಮ್ಮಿ ಮೈಸೂರಿಗೆ ತರಬಹುದಾ?

ಮೈಸೂರು ಮಾವ: ಅಕ್ಕನ ಮಗ ಮಿನ್ನೆಸೋಟದಿಂದ ಬರ್ತಿದ್ದಾನೆ. ನನಗೆ ಮಂಡಿನೋವು, ರಾತ್ರಿ ನಿದ್ದೆ ಇಲ್ಲ. ಹೆಂಪ್ (ಗಾಂಜಾ ಜಾತಿಯದೇ ಗಿಡ) ಗಮ್ಮಿ ತರ್ತೀನಿ ಅಂತಾನೆ. ಫೋಟೊ ನೋಡಿದೆ, ಸಕ್ಕರೆ ಉದುರಿಸಿದ ಜೆಲ್ಲಿ ಮಿಠಾಯಿ ಥರಾನೇ ಇದೆ. ಒಂದೊಂದರಲ್ಲಿ 5 ಮಿಲಿಗ್ರಾಂ ಟಿಎಚ್‌ಸಿಯಂತೆ, ಅದೇ ಗಾಂಜಾದಲ್ಲಿ ಅಮಲೇರಿಸೋ ಅಂಶ. ಅಲ್ಲಿ ಅಂಗಡೀಲೇ ಸಿಗುತ್ತೆ. ಇಲ್ಲೂ ತೊಂದರೆ ಇಲ್ಲ ಅಲ್ವಾ?

ಮಂಡ್ಯ ಲಾಯರ್: ಬೇಡ ಸಾರ್! ಒಣ ತೂಕದಲ್ಲಿ ಡೆಲ್ಟಾ-9 ಟಿಎಚ್‌ಸಿ 0.3% ದಾಟದಿದ್ದರೆ ಅದು ಹೆಂಪ್ ಅಂತ ಅಲ್ಲಿನ 2018ರ ಕೃಷಿ ಕಾಯ್ದೆ, ಅಂದರೆ ಫಾರ್ಮ್ ಬಿಲ್ ಹೇಳಿತು. ಆಮೇಲೆ ರಾಜ್ಯಕ್ಕೊಂದು ರೂಲ್ಸು. ಮಿನ್ನೆಸೋಟ 2022ರಲ್ಲಿ, 21 ತುಂಬಿದವರಿಗೆ ಒಂದು ಸಲಕ್ಕೆ 5 ಮಿಲಿಗ್ರಾಂವರೆಗೆ ಒಪ್ಪಿತು. ಐಡಾಹೊದಲ್ಲಿ ಚೂರೂ ಇರಕೂಡದು. ನಮ್ಮಲ್ಲಿ 1985ರ ಎನ್‌ಡಿಪಿಎಸ್, ಅಂದರೆ ಮಾದಕ ವಸ್ತುಗಳ ಕಾಯ್ದೆ ಇದೆ. ಮಿನ್ನೆಸೋಟದ ಅಂಗಡಿ ಬಿಲ್ಲು ತೋರಿಸಿದರೂ ಏರ್‌ಪೋರ್ಟಲ್ಲಿ ಯಾರೂ ಬಿಡಲ್ಲ.

ಮದ್ದೂರಮ್ಮ: ಮತ್ತೆ ಆನ್‌ಲೈನಲ್ಲಿ ಹೆಂಪ್ ಬೀಜದ ಎಣ್ಣೆ ಮಾರ್ತಾರಲ್ಲ?

ಮಂಡ್ಯ ಲಾಯರ್: ಅದು ಬೇರೆ ಅಮ್ಮ. ಕಾಯ್ದೆ ಪ್ರಕಾರ ಗಾಂಜಾ ಅಂದರೆ ಗಿಡದ ಹೂ, ಕಾಯಿ ಬಿಟ್ಟ ತುದಿ. ಬರೀ ಬೀಜ ಅದರಲ್ಲಿ ಬರಲ್ಲ. ಬೀಜ, ಎಣ್ಣೆ, ಹಿಟ್ಟನ್ನು ಆಹಾರವಾಗಿ ಮಾರಲು 2021ರಲ್ಲಿ ಆಹಾರ ಸುರಕ್ಷತೆ ನೋಡಿಕೊಳ್ಳೋ ಎಫ್‌ಎಸ್‌ಎಸ್‌ಎಐ ಒಪ್ಪಿದೆ.

ಮೈಸೂರು ಮಾವ: ಸರಿ, ಬರೀ ಚಾಕಲೇಟ್ ತಾರಪ್ಪ ಅಂದೆ. ನನ್ನ ಮನೆಯವಳು ಆಗಲೇ ಮಂಡಿಗೆ ಹಚ್ಚೋಕೆ ಎಳ್ಳೆಣ್ಣೆ ಬಿಸಿಗಿಟ್ಟಿದ್ದಾಳೆ.