ವೆಸ್ಟ್ ನೈಲ್ ಜ್ವರ ಬಿಟ್ಟ ಮೇಲೆ ಮೋರೆ ಓರೆಯಾದರೆ ಬೆಲ್ಸ್ ಪಾಲ್ಸಿ ಅನ್ನಬಹುದಾ?

ಅಡ್ಕದಮನೆ:
ಸೊಳ್ಳೆ ಕಚ್ಚಿ ಬರುವ ವೆಸ್ಟ್ ನೈಲ್ ಮಿದುಳು ಜ್ವರ ಅಂತ ಖಚಿತವಾಗಿ, ಮಂಗಳೂರಿನಲ್ಲಿ ಚಿಕಿತ್ಸೆ ಮುಗಿಸಿ ಬದಿಯಡ್ಕಕ್ಕೆ ಮರಳಿದ ನೆರೆಮನೆಯ ಹಿರಿಯರೊಬ್ಬರ ವಿಷಯ. ಬಲಬದಿಯ ಮೋರೆ ಅಲುಗುವುದಿಲ್ಲ, ಗಂಜಿ ಕಟವಾಯಿಂದ ಸೋರುತ್ತದೆ, ನಿದ್ದೆಯಲ್ಲೂ ಬಲಗಣ್ಣು ಅರ್ಧ ತೆರೆದಿರುತ್ತದೆ. ಮನೆಯವರು ವಾಯು ಅಂತ ಎಣ್ಣೆ ತಿಕ್ಕುತ್ತಿದ್ದಾರೆ. ಸ್ಟಿರಾಯ್ಡ್ ಬೇಕಾ?

ನರವೈದ್ಯ_ಕುಂಬಳೆ:
ಮೊದಲು ಹುಬ್ಬು ಮೇಲೆತ್ತಲು ಹೇಳಿ. ಹಣೆಯಲ್ಲಿ ಎರಡೂ ಕಡೆ ಗೆರೆ ಮೂಡಿ ಬಾಯಿ ಮಾತ್ರ ಓರೆಯಾದರೆ ಪೆಟ್ಟು ಮಿದುಳಿನೊಳಗೆ, ಮೇಲ್ಮಟ್ಟದಲ್ಲಿ. ಹಣೆಗೆ ಮಿದುಳಿನ ಎರಡೂ ಬದಿಯಿಂದ ಆಜ್ಞೆ ಬರುವುದರಿಂದ ಅದು ಉಳಿದುಕೊಳ್ಳುತ್ತದೆ. ಹಣೆಯೂ ನುಣ್ಣಗಿದ್ದು ಕಣ್ಣು ಮುಚ್ಚದಿದ್ದರೆ ಮೋರೆಯನ್ನು ಅಲುಗಿಸುವ ಏಳನೇ ನರಕ್ಕೋ, ಮಿದುಳುಕಾಂಡದಲ್ಲಿ ಅದರ ಬುಡಕ್ಕೋ ಏಟು. ನೀವು ಹೇಳಿದ್ದು ಈ ಎರಡನೆಯದರ ಹಾಗಿದೆ. ನೋಡಲು ಬೆಲ್ಸ್‌ನಂತೆಯೇ, ಆದರೆ ಬೆಲ್ಸ್ ಅನ್ನುವುದು ಬೇರೆ ಕಾರಣ ಸಿಗದಾಗ ಮಾತ್ರ.

ಬೆಲ್ಸ್‌ಗೆ 72 ಗಂಟೆಯೊಳಗೆ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಶುರು ಮಾಡುವ ಕ್ರಮ ಇಲ್ಲಿಗೆ ಹೊಂದುವುದಿಲ್ಲ. ವೆಸ್ಟ್ ನೈಲ್‌ಗೆ ಖಚಿತವಾಗಿ ಕೆಲಸ ಮಾಡುವ ಔಷಧಿಯೇ ಇಲ್ಲ, ಹಳೇ ಚೀಟಿ ತೋರಿಸಿ ಸ್ಟಿರಾಯ್ಡ್ ತರಬೇಡಿ. ಈ ವೈರಸ್ ಪೋಲಿಯೋದಂತೆ ಬೆನ್ನುಹುರಿಯ ಮುಂಭಾಗದ ಕೋಶಗಳನ್ನೂ ಹಿಡಿಯಬಲ್ಲದು. ಕೈಕಾಲು ಜೋಲು ಬಿದ್ದರೆ, ನುಂಗುವಾಗ ಕೆಮ್ಮು ಬಂದರೆ, ಉಸಿರು ಮೇಲುಮೇಲಾದರೆ ಕಾಯದೆ ಆಸ್ಪತ್ರೆಗೆ ಹೊರಡಿ.

ಕಣ್ಣಿನವರು:
ಎಲ್ಲರೂ ಬಾಯಿ ನೋಡುತ್ತಾರೆ, ಹಾಳಾಗುವುದು ಕಣ್ಣು. ರೆಪ್ಪೆ ಮುಚ್ಚದೆ ಕಪ್ಪುಗುಡ್ಡೆ ಒಣಗಿ ಹುಣ್ಣಾಗುತ್ತದೆ, ಆಮೇಲೆ ಬಿಳಿ ಕಲೆ ಉಳಿದುಬಿಡುತ್ತದೆ. ಎಚ್ಚರ ಇದ್ದಷ್ಟೂ ಹೊತ್ತು ಗಂಟೆ ಎರಡು ಗಂಟೆಗೊಮ್ಮೆ 0.5% ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ ಹನಿ (ಕೃತಕ ಕಣ್ಣೀರು) ಹಾಕಿ. ದಿನಕ್ಕೆ ಇಷ್ಟು ಸಲ ಅಂದ ಮೇಲೆ ಪ್ರಿಸರ್ವೇಟಿವ್ ಇಲ್ಲದ್ದೇ ಒಳ್ಳೆಯದು. ರಾತ್ರಿ ಕಣ್ಣಿನ ಜಿಡ್ಡು ಮುಲಾಮು ಕೆಳರೆಪ್ಪೆಯೊಳಗೆ ಅಕ್ಕಿಕಾಳಿನಷ್ಟು, ಬೆರಳಿಂದ ರೆಪ್ಪೆ ಇಳಿಸಿ, ಪೂರ್ತಿ ಮುಚ್ಚಿದೆ ಎಂದು ನೋಡಿ ಮೈಕ್ರೊಪೋರ್ ಟೇಪ್ ಅಂಟಿಸಿ. ರೆಪ್ಪೆಯಲ್ಲಿ ಮುಲಾಮು ಉಳಿದರೆ ಟೇಪ್ ಹಿಡಿಯುವುದಿಲ್ಲ, ಒರೆಸಿಕೊಳ್ಳಿ.

ಅಡ್ಕದಮನೆ:
ಟೇಪ್ ಬದಲು ಹತ್ತಿ ಇಟ್ಟು ಕಟ್ಟಿದರೆ?

ಕಣ್ಣಿನವರು:
ಬೇಡ. ಒಳಗೆ ಕಣ್ಣು ತೆರೆದುಕೊಂಡರೆ ಹತ್ತಿ ನೇರ ಗುಡ್ಡೆಗೇ ಉಜ್ಜುತ್ತದೆ. ಕಣ್ಣು ಕೆಂಪಾದರೆ ಅಥವಾ ಮಸುಕಾದರೆ ಅದೇ ದಿನ ತೋರಿಸಿ, ನೋವಿಲ್ಲ ಅಂತ ಸುಮ್ಮನಿರಬೇಡಿ.

ಫಿಸಿಯೋ_ಮಂಜೇಶ್ವರ:
ಎಣ್ಣೆ ತಿಕ್ಕುವವರಿಗೆ: ಕೆನ್ನೆಯನ್ನು ಕೆಳಗೆ ಎಳೆಯಬೇಡಿ, ಬಾಯಂಚಿನಿಂದ ಕಿವಿಯ ಕಡೆಗೆ ಮೆಲ್ಲಗೆ ಸವರಿದರೆ ಸಾಕು. ಮೋರೆಯ ಸ್ನಾಯುಗಳಿಗೆ ಕರೆಂಟ್ ಕೊಡಿಸುವ ಆತುರ ಬೇಡ. ಕನ್ನಡಿ ಮುಂದೆ ನಿಧಾನ ನಗು, ಮೂಗು ಸುಕ್ಕಿಸುವುದು, ತುಟಿ ಮುಂದೆ ಮಾಡುವುದು, ಒಂದೊಂದು ಐದು ಸಲ, ದಿನಕ್ಕೆ ಮೂರು ಹೊತ್ತು. ನಕ್ಕಾಗ ಕಣ್ಣು ತಾನೇ ಮುಚ್ಚತೊಡಗಿದರೆ ನರ ತಪ್ಪು ದಾರಿಯಲ್ಲಿ ಕೂಡಿಕೊಂಡಿದೆ. ಆಗ ಬಲ ಹಾಕಿದಷ್ಟೂ ಕೆಡುತ್ತದೆ. ಊಟ ನೆಟ್ಟಗೆ ಕೂತು, ಗಟ್ಟಿ ಗಂಜಿ, ಎಡದವಡೆಯಲ್ಲಿ. ಮುಗಿದ ಮೇಲೆ ಬಲಕೆನ್ನೆಯೊಳಗೆ ಬೆರಳಾಡಿಸಿ, ಅಲ್ಲಿ ಅನ್ನ ಕೂತಿರುತ್ತದೆ.

ತೋಟದವ:
ಒಂದು ಸೇರಿಸುತ್ತೇನೆ. ಅಡಿಕೆ ಹಾಳೆ, ರಬ್ಬರ್ ಹಾಲು ಹಿಡಿಯುವ ಚಿರಟೆಯ ನೀರು ಚೆಲ್ಲುವುದು ಡೆಂಗಿ ಸೊಳ್ಳೆಗೆ. ವೆಸ್ಟ್ ನೈಲ್ ಹಕ್ಕಿಯಿಂದ ಕ್ಯೂಲೆಕ್ಸ್ ಸೊಳ್ಳೆ ತರುವ ವೈರಸ್. ಆ ಸೊಳ್ಳೆ ಗದ್ದೆಯ ನೀರಲ್ಲಿ, ಚರಂಡಿಯಲ್ಲಿ ಹುಟ್ಟಿ ಮುಸ್ಸಂಜೆಯ ನಂತರ ಕಚ್ಚುತ್ತದೆ. ಹಾಳೆ ಮಗುಚಿದ್ದೇವೆ, ಸಾಕು ಅನ್ನುವ ಹಾಗಿಲ್ಲ ಮಾರಾಯ್ರೆ.